ಸಂಪ್ ಪಂಪ್: ಪ್ಲಂಬರ್‌ಗೆ ಫೋನ್ ಮಾಡುವ ಮುಂಚೆ ಗುಂಡಿ ನೋಡಿ

ಮೊದಲು ಹೆಸರಿನ ಗೊಂದಲ ಬಗೆಹರಿಸೋಣ. ಸಂಪ್ ಎಂದರೆ ನಮಗೆ ನೀರು ತುಂಬಿಟ್ಟುಕೊಳ್ಳುವ ನೆಲದಡಿಯ ತೊಟ್ಟಿ. ಅಲ್ಲಿ ನೀರು ಕಮ್ಮಿಯಾದರೆ ಚಿಂತೆ. ಬೇಸ್‌ಮೆಂಟಿನ ಮೂಲೆಯಲ್ಲಿ ಮುಚ್ಚಳ ಹಾಕಿರುವ ಗುಂಡಿಗೂ ಅದೇ ಹೆಸರಿದೆ, ಕೆಲಸ ಮಾತ್ರ ತಿರುಗಾಮುರುಗಾ. ತಳಪಾಯದ ಸುತ್ತ ಇಂಗುವ ಮಳೆನೀರು ತೂತಿನ ಪೈಪುಗಳ ಮೂಲಕ ಆ ಗುಂಡಿಗೆ ಬಂದು ಬೀಳುತ್ತದೆ. ಪಂಪ್ ಅದನ್ನು ಮನೆಯಿಂದಾಚೆ ತಳ್ಳಬೇಕು. ಇಲ್ಲಿ ನೀರು ಹೆಚ್ಚಾದರೆ ಚಿಂತೆ.

ಬೇಸ್‌ಮೆಂಟಿನಲ್ಲಿ ಟಾಯ್ಲೆಟ್ ಇದ್ದರೆ ಇನ್ನೊಂದು ಗುಂಡಿಯೂ ಇರಬಹುದು. ಅದರ ಮುಚ್ಚಳವನ್ನು ಬೋಲ್ಟ್ ಹಾಕಿ ಬಿಗಿದಿರುತ್ತಾರೆ, ಮೇಲೆ ಎರಡು ಪೈಪ್ ಎದ್ದಿರುತ್ತವೆ: ಒಂದು ನೀರು ಹೋಗಲು, ಇನ್ನೊಂದು ಗಾಳಿಗೆ. ಅದು ಕಕ್ಕಸಿನ ನೀರಿನ ಎಜೆಕ್ಟರ್ ಪಂಪ್. ಅದನ್ನು ನೀವು ತೆರೆಯಬೇಡಿ. ಫೋನಿನಲ್ಲಿ ಯಾವ ಗುಂಡಿ ಎಂದು ಸರಿಯಾಗಿ ಹೇಳಿದರೆ ಪ್ಲಂಬರ್ ಸರಿಯಾದ ಪಂಪ್ ಹಿಡಿದು ಬರುತ್ತಾನೆ.

ಪಂಪ್ ಓಡುತ್ತಿಲ್ಲ ಎಂದ ಮಾತ್ರಕ್ಕೆ ಮೋಟಾರ್ ಸುಟ್ಟಿದೆ ಎಂದುಕೊಳ್ಳಬೇಡಿ. ಹೆಚ್ಚಿನ ಸಲ ಕೈಕೊಡುವುದು ಫ್ಲೋಟ್ ಸ್ವಿಚ್, ಅಂದರೆ ನೀರಿನ ಜೊತೆ ತೇಲಿ ಮೇಲೆದ್ದು ಪಂಪ್ ಚಾಲೂ ಮಾಡುವ ಬುರುಡೆ. ಅದು ಗುಂಡಿಯ ಗೋಡೆಗೋ ವೈರಿಗೋ ಸಿಕ್ಕಿಕೊಂಡಿದೆಯೇ ನೋಡಿ. ಆಮೇಲೆ ಗೋಡೆಯ ಪ್ಲಗ್ ನೋಡಿ. ಒಂದು ಪ್ಲಗ್‌ನ ಬೆನ್ನಿಗೆ ಇನ್ನೊಂದು ಪ್ಲಗ್ ಸಿಕ್ಕಿಸಿದ್ದರೆ, ಗೋಡೆಗಿರುವುದು ಸ್ವಿಚ್ಚಿನದು, ಬೆನ್ನಿಗಿರುವುದು ಪಂಪಿನದು. ಎರಡನ್ನೂ ಕಿತ್ತು, ಪಂಪಿನದನ್ನು ನೇರ ಗೋಡೆಗೆ ಹಾಕಿ. ಪಂಪ್ ಓಡಿತೆಂದರೆ ಕೆಟ್ಟಿರುವುದು ಸ್ವಿಚ್ ಮಾತ್ರ, ಅದೊಂದನ್ನೇ ಬದಲಾಯಿಸಿದರೆ ಸಾಕು. ಗುಂಡಿಯಲ್ಲಿ ನೀರಿರುವಾಗ ಹತ್ತಿಪ್ಪತ್ತು ಸೆಕೆಂಡ್ ಅಷ್ಟೇ ಓಡಿಸಿ. ಗುಂಡಿಗೆ ಕೈ ಹಾಕುವ ಮುಂಚೆ ಪ್ಲಗ್ ಕಿತ್ತಿರಲೇಬೇಕು. ನೆಲದ ಮೇಲೆ ನೀರು ನಿಂತು ಪ್ಲಗ್ ಪಾಯಿಂಟ್, ಹೀಟರ್‌ಗಳಿಗೆ ಮುಟ್ಟಿದ್ದರೆ ಕೆಳಗೆ ಇಳಿಯಲೇಬೇಡಿ.

ಉಳಿದ ಲಕ್ಷಣಗಳೂ ಒಂದೊಂದು ಕತೆ ಹೇಳುತ್ತವೆ. ಮೋಟಾರ್ ಗುಂಯ್‌ಗುಡುತ್ತಿದ್ದು ನೀರು ಏರದಿದ್ದರೆ ಇಂಪೆಲ್ಲರ್‌ಗೆ, ಅಂದರೆ ಒಳಗೆ ತಿರುಗಿ ನೀರು ತಳ್ಳುವ ಚಕ್ರಕ್ಕೆ, ಕಲ್ಲು ಸಿಕ್ಕಿದೆ, ಇಲ್ಲವೇ ಒಳಗೆ ಗಾಳಿ ತುಂಬಿದೆ. ಪಂಪ್ ನಿಂತ ಕೂಡಲೇ ಪೈಪಿನಲ್ಲಿದ್ದ ನೀರು ದಡಬಡನೆ ಗುಂಡಿಗೇ ವಾಪಸ್ ಬಂದು, ಮತ್ತೆ ಪಂಪ್ ಎದ್ದರೆ ಚೆಕ್ ವಾಲ್ವ್, ಅಂದರೆ ಏರಿದ ನೀರು ವಾಪಸ್ ಇಳಿಯದಂತೆ ತಡೆಯುವ ಕವಾಟ, ಹೋಗಿದೆ. ಎತ್ತಿದ ನೀರನ್ನೇ ಎತ್ತುತ್ತ ಮೋಟಾರ್ ಸವೆಯುತ್ತದೆ. ನಿಲ್ಲುವಾಗ ಗೋಡೆಗೆ ಗುದ್ದಿದ ಹಾಗೆ ಸದ್ದಾದರೆ ವಾಲ್ವ್ ಇದೆ, ಆದರೆ ಜೋರಾಗಿ ಬಡಿದು ಮುಚ್ಚುತ್ತಿದೆ. ಸದ್ದು ಕಡಿಮೆ ಮಾಡುವ ಸ್ಪ್ರಿಂಗ್ ವಾಲ್ವ್ ಕೇಳಿ. ಕೆಂಪಗೆ ಲೋಳೆ ಕಟ್ಟಿದ್ದರೆ ಅದು ಕಬ್ಬಿಣದ ಅಂಶವಿರುವ ನೀರಿನ ಬ್ಯಾಕ್ಟೀರಿಯಾ. ಪಂಪನ್ನು ತೆಗೆದು ತೊಳೆದರೆ ಎಷ್ಟೋ ಸಲ ಸರಿಹೋಗುತ್ತದೆ. ಆದರೆ ಪಂಪಿಗೆ ಏಳೆಂಟು ವರ್ಷ ದಾಟಿದ್ದರೆ ರಿಪೇರಿಗೆ ದುಡ್ಡು ಹಾಕದೆ ಹೊಸದನ್ನೇ ಕೂರಿಸುವುದು ಮೇಲು.

ಹೊಸದು ಎಷ್ಟು ದೊಡ್ಡದಿರಬೇಕು? ಇದನ್ನು ಪ್ಲಂಬರ್ ಅಂದಾಜಿಗೆ ಬಿಡಬೇಡಿ, ನೀವೇ ಅಳೆಯಬಹುದು. ಜೋರು ಮಳೆಯ ದಿನ, ಪಂಪ್ ಒಮ್ಮೆ ಓಡಿ ನಿಂತ ಮೇಲೆ ಪ್ಲಗ್ ಕಿತ್ತು, ಒಂದು ನಿಮಿಷದಲ್ಲಿ ನೀರು ಎಷ್ಟು ಇಂಚು ಏರಿತು ಎಂದು ಟೇಪ್ ಹಿಡಿದು ನೋಡಿ. 18 ಇಂಚು ಅಗಲದ ದುಂಡು ಗುಂಡಿಯಲ್ಲಿ ಒಂದು ಇಂಚು ಅಂದರೆ ಸುಮಾರು 4.2 ಲೀಟರ್. 6 ಇಂಚು ಏರಿದರೆ ನಿಮಿಷಕ್ಕೆ 25 ಲೀಟರ್, ಗಂಟೆಗೆ 1500. ಅದರ ಒಂದೂವರೆ ಪಟ್ಟು, ಅಂದರೆ ಗಂಟೆಗೆ 2250 ಲೀಟರ್ ಆದರೂ ಎತ್ತುವ ಪಂಪ್ ಬೇಕು. ಪ್ಲಗ್ ಮರಳಿ ಹಾಕಲು ಮರೆಯಬೇಡಿ! ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿರುವ ಅಂಕಿ ಬಹಳ ಸಲ ನೀರನ್ನು ಏನೂ ಎತ್ತರಕ್ಕೆ ಏರಿಸಬೇಕಿಲ್ಲದಿದ್ದಾಗಿನ ಲೆಕ್ಕ. ಗುಂಡಿಯ ತಳದಿಂದ ಪೈಪ್ ತಿರುಗುವ ಅತಿ ಎತ್ತರದ ಜಾಗಕ್ಕೆ 10 ಅಡಿ ಇದ್ದರೆ, ಪಂಪಿನ ಪಟ್ಟಿಯಲ್ಲಿ 10 ಅಡಿ ಎತ್ತರದ ಕಾಲಂನಲ್ಲಿರುವ ಅಂಕಿಯನ್ನೇ ನೋಡಿ. ಸಾಧಾರಣ ಮನೆಗೆ ಮೂರನೇ ಒಂದು ಎಚ್‌ಪಿ ಸಾಕಾಗುತ್ತದೆ, ನೀರು ಜಾಸ್ತಿ ಬಂದರೆ ಅರ್ಧ ಎಚ್‌ಪಿ. ದೊಡ್ಡದಿದ್ದರೆ ಒಳ್ಳೆಯದು ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಚಿಕ್ಕ ಗುಂಡಿಯನ್ನು ದೊಡ್ಡ ಪಂಪ್ ಕ್ಷಣದಲ್ಲಿ ಬರಿದು ಮಾಡಿ ನಿಲ್ಲುತ್ತದೆ, ಮತ್ತೆ ಏಳುತ್ತದೆ. ಆ ಆನ್-ಆಫ್‌ನಲ್ಲೇ ಮೋಟಾರ್ ಸೋಲುತ್ತದೆ.

ಕೊಟೇಶನ್ ಬರಹದಲ್ಲಿ ತೆಗೆದುಕೊಳ್ಳಿ, ಎರಡು ಮೂರು ಕಡೆಯಿಂದ. ಪಂಪಿನ ಮಾಡೆಲ್ ನಂಬರ್, ಹೊಸ ಚೆಕ್ ವಾಲ್ವ್, ಪೈಪ್ ಎಷ್ಟು ಅಡಿ, ಮುಚ್ಚಳ, ಹಳೆಯದನ್ನು ಒಯ್ಯುವುದು, ಪಂಪಿಗೆ ಮತ್ತು ಕೆಲಸಕ್ಕೆ ಬೇರೆ ಬೇರೆ ವಾರಂಟಿ ಎಷ್ಟು: ಇಷ್ಟೂ ಅದರಲ್ಲಿರಲಿ. ಲೈಸೆನ್ಸ್, ಇನ್ಶೂರೆನ್ಸ್ ತೋರಿಸಿ ಎನ್ನಲು ಸಂಕೋಚ ಬೇಡ. ಕಾಂಕ್ರೀಟ್ ಒಡೆದು ಹೊಸ ಗುಂಡಿ ತೋಡುವುದಾದರೆ ಪರ್ಮಿಟ್ ಬೇಕೇ, ಬೇಕಾದರೆ ಯಾರು ಮಾಡಿಸುವುದು ಎಂದು ಮೊದಲೇ ಕೇಳಿ. ಹೊಸ ಪ್ಲಗ್ ಪಾಯಿಂಟ್ ಹಾಕುವುದು ಎಲೆಕ್ಟ್ರಿಷಿಯನ್ ಕೆಲಸ. ಪಂಪಿಗೆ ಅದರದ್ದೇ ಸರ್ಕ್ಯೂಟ್ ಇರಲಿ, ಎಕ್ಸ್‌ಟೆನ್ಶನ್ ಬಾಕ್ಸ್ ಬೇಡವೇ ಬೇಡ.

ಕೆಲಸ ನಡೆಯುವಾಗ ಹತ್ತಿರ ನಿಂತು ನೋಡಬೇಕಾದವು ಕೆಲವಿವೆ. ಗುಂಡಿ ಕನಿಷ್ಠ 18 ಇಂಚು ಅಗಲ, 24 ಇಂಚು ಆಳ ಇರಬೇಕು. ಪಂಪನ್ನು ಜಲ್ಲಿಯ ಮೇಲೆ ಇಡದೆ ಚಪ್ಪಟೆ ಕಲ್ಲಿನ ಮೇಲೆ ಕೂರಿಸಬೇಕು. ಚೆಕ್ ವಾಲ್ವಿನ ಮೇಲಿನ ಬಾಣ ಮೇಲ್ಮುಖವಾಗಿರಬೇಕು. ಉಲ್ಟಾ ಹಾಕಿದರೆ ಒಂದು ತೊಟ್ಟೂ ಹೊರಗೆ ಹೋಗದು. ಪಂಪಿಗೂ ವಾಲ್ವಿಗೂ ನಡುವಿನ ಪೈಪಿಗೆ, ಪಂಪಿನಲ್ಲೇ ಆ ವ್ಯವಸ್ಥೆ ಇಲ್ಲದಿದ್ದರೆ, 1/8 ಅಥವಾ 3/16 ಇಂಚಿನ ಒಂದು ಸಣ್ಣ ತೂತು ಕೊರೆಯಬೇಕು. ಸಿಕ್ಕಿಕೊಂಡ ಗಾಳಿ ಹೊರಗೆ ಹೋಗುವುದು ಅದರಿಂದಲೇ. ಪಂಪ್ ಓಡುವಾಗ ಅಲ್ಲಿಂದ ದಾರದಂತೆ ನೀರು ಚಿಮ್ಮುತ್ತದೆ. ಅದನ್ನು ಲೀಕ್ ಎಂದುಕೊಂಡು ಟೇಪ್ ಸುತ್ತುವವರಿದ್ದಾರೆ. ಸುತ್ತಬೇಡಿ.

ಹೊರಗಿನ ಪೈಪ್ ತಳಪಾಯದಿಂದ ಹತ್ತು ಅಡಿಯಾದರೂ ದೂರ, ಇಳಿಜಾರಿನ ಕಡೆಗೆ ಬಿಡಬೇಕು. ಮನೆ ಪಕ್ಕದಲ್ಲೇ ಸುರಿದರೆ ಅದೇ ನೀರು ಇಂಗಿ ಮತ್ತೆ ಗುಂಡಿಗೆ ಬರುತ್ತದೆ. ನೆರೆಯವರ ಅಂಗಳಕ್ಕೂ ಬಿಡುವಂತಿಲ್ಲ. ಒಳಚರಂಡಿಗೆ ಸೇರಿಸುವುದು ಬಹಳ ಕಡೆ ನಿಷಿದ್ಧ, ಸುಲಭವೆಂದು ಪ್ಲಂಬರ್ ಹೇಳಿದರೂ ಒಪ್ಪಬೇಡಿ. ಹಿಮ ಬೀಳುವ ಊರಾದರೆ ಪೈಪಿನ ತುದಿ ಹೆಪ್ಪುಗಟ್ಟಿದಾಗ ನೀರು ಹೊರಗೆ ಬೀಳಲು ಗೋಡೆಯಾಚೆ ಒಂದು ಕಿಂಡಿಯ ಜೋಡಣೆ ಹಾಕಿಸಿ.

ಮಳೆ ಜೋರಾದಾಗಲೇ ಕರೆಂಟ್ ಹೋಗುವುದು. ಅದಕ್ಕೆ 12 ವೋಲ್ಟ್ ಬ್ಯಾಟರಿಯ ಎರಡನೇ ಪಂಪ್ ಇಟ್ಟುಕೊಳ್ಳಿ, ನೀರು ಮಟ್ಟ ಮೀರಿದರೆ ಕೂಗುವ ಅಲಾರಂ ಕೂಡ. ಮನೆಯ ವಿಮೆಯಲ್ಲಿ ಸಂಪ್ ಉಕ್ಕಿ ಆದ ನಷ್ಟ ಸಾಮಾನ್ಯವಾಗಿ ಸೇರಿರುವುದಿಲ್ಲ, ಪ್ರತ್ಯೇಕವಾಗಿ ಕೇಳಿ ಸೇರಿಸಬೇಕು.

ದುಡ್ಡು ಕೊಡುವ ಮುಂಚೆ ಪ್ಲಂಬರ್ ಎದುರಿಗೇ ಎರಡು ಮೂರು ಬಕೆಟ್ ನೀರು ಗುಂಡಿಗೆ ಸುರಿಯಿರಿ. ಪಂಪ್ ತಾನಾಗಿ ಎದ್ದು, ನೀರೆತ್ತಿ, ತಾನಾಗಿ ನಿಲ್ಲಬೇಕು. ಹೊರಗೆ ಒಬ್ಬರು ನಿಂತು ನೀರು ಬೀಳುವುದನ್ನು ನೋಡಲಿ. ಕೂರಿಸಿದ ತಾರೀಖನ್ನು ಮಾರ್ಕರ್‌ನಿಂದ ಪೈಪಿನ ಮೇಲೇ ಬರೆದಿಡಿ, ಮೂರು ತಿಂಗಳಿಗೊಮ್ಮೆ ಇದೇ ಬಕೆಟ್ ಪರೀಕ್ಷೆ ಮಾಡಿ.