ಕಲ್ಲಿದ್ದಲು ಮಿಲ್‌ನಲ್ಲಿ ಪೆಲೆಟ್ ಹೊಗೆಯಾಡುವುದು ನಿಂತದ್ದು ಹೀಗೆ

ಕಲ್ಲಿದ್ದಲಿನ ಜತೆ ಶೇ 5ರಷ್ಟು ಕೃಷಿ ತ್ಯಾಜ್ಯದ ಪೆಲೆಟ್ (ಒತ್ತಿ ಮಾಡಿದ ಗಟ್ಟಿ ಗುಳಿಗೆ) ಉರಿಸಬೇಕೆಂದು ಕೇಂದ್ರ ವಿದ್ಯುತ್ ಸಚಿವಾಲಯ 2021ರಲ್ಲಿ ಹೇಳಿದ ಮೇಲೆ ನಮ್ಮ ಹಳೆಯ ವಿದ್ಯುತ್ ಸ್ಥಾವರದಲ್ಲೂ ಅದು ಶುರುವಾಯಿತು. ಸ್ವಲ್ಪ ಕಾಲದಲ್ಲೇ ಕಲ್ಲಿದ್ದಲನ್ನು ಪುಡಿಮಾಡುವ ಒಂದು ಬೌಲ್ ಮಿಲ್‌ನಲ್ಲಿ, ಪುಡಿಯಾಗದೆ ಉಳಿದದ್ದು ಬೀಳುವ ರಿಜೆಕ್ಟ್ ಬಾಕ್ಸ್ ತೆರೆದರೆ ಕಪ್ಪಗೆ ಸುಟ್ಟ, ಅಂಚಿನಲ್ಲಿ ಇನ್ನೂ ಕೆಂಡ ಮಿನುಗುವ ಪೆಲೆಟ್ ತುಂಡುಗಳು ಕಾಣತೊಡಗಿದವು.

ಕಲ್ಲಿದ್ದಲು ಒಡೆದು ಪುಡಿಯಾಗುತ್ತದೆ. ನಾರಿನ ಪೆಲೆಟ್ ಜಜ್ಜಿಹೋಗುತ್ತದೆಯೇ ಹೊರತು ನುಣ್ಣಗಾಗುವುದಿಲ್ಲ. ಉಳಿದ ತುಂಡು, ಪುಡಿಯನ್ನು ಒಣಗಿಸಿ ಒಯ್ಯಲು ಮಿಲ್‌ಗೆ ಬಿಡುವ ಬಿಸಿಗಾಳಿಗೆ ಸಿಕ್ಕಿ ಕಲ್ಲಿದ್ದಲಿಗಿಂತ ಕಡಿಮೆ ಉಷ್ಣತೆಯಲ್ಲೇ ಹೊತ್ತಿಕೊಳ್ಳುತ್ತದೆ. ಬಿಸಿಗಾಳಿ ತಗ್ಗಿಸಿ, ತಂಪುಗಾಳಿ ಹೆಚ್ಚಿಸಿ ಮಿಲ್‌ನಿಂದ ಹೊರಬರುವ ಗಾಳಿಯ ಉಷ್ಣತೆಯನ್ನು ಇಳಿಸಿದೆವು. ಹೊಗೆ ಕಡಿಮೆಯಾಯಿತು, ನಿಲ್ಲಲಿಲ್ಲ.

ನಿಜವಾದ ತೊಂದರೆ ಇದ್ದದ್ದು ಯಾರ್ಡ್‌ನಲ್ಲಿ. ಲೋಡರ್ ಯಂತ್ರ ಪೆಲೆಟನ್ನು ಬಕೆಟ್‌ಗಟ್ಟಲೆ ಸುರಿಯುತ್ತಿದ್ದುದರಿಂದ ಕಲ್ಲಿದ್ದಲು ಸಾಗಿಸುವ ಬೆಲ್ಟ್ ಮೇಲೆ ಒಂದು ಹೊತ್ತು ಬರೀ ಪೆಲೆಟ್, ಇನ್ನೊಂದು ಹೊತ್ತು ಬರೀ ಕಲ್ಲಿದ್ದಲು. ಸಣ್ಣ ಹಾಪರ್ (ಕೆಳಗಿನಿಂದ ಸ್ವಲ್ಪಸ್ವಲ್ಪವೇ ಉದುರಿಸುವ ತೊಟ್ಟಿ) ಕೂರಿಸಿ, ಓಡುವ ಕಲ್ಲಿದ್ದಲಿನ ಮೇಲೆ ಪೆಲೆಟ್ ತೆಳುವಾಗಿ, ಸತತವಾಗಿ ಉದುರುವಂತೆ ಮಾಡಿದೆವು. ಹೊಗೆಯಾಡುವುದು ನಿಂತಿತು! ಘಟಕ ನಿಲ್ಲಿಸುವ ಮುನ್ನ ಆ ಮಿಲ್‌ಗೆ ಇಂಧನ ಉಣಿಸುವ ಬಂಕರನ್ನು (ಸಂಗ್ರಹ ತೊಟ್ಟಿ) ಪೂರ್ತಿ ಖಾಲಿ ಮಾಡುತ್ತೇವೆ. ಮಳೆಗೆ ನೆನೆದ ಪೆಲೆಟ್ ಉಬ್ಬಿ ಹೊಟ್ಟಾಗುತ್ತದೆ. ಯಾರು ಎಷ್ಟೇ ಅವಸರಪಡಿಸಲಿ, ಅದನ್ನು ಬೆಲ್ಟ್ ಹತ್ತಿಸಲು ನಾನು ಬಿಡುವುದಿಲ್ಲ. ಈಗ ರಿಜೆಕ್ಟ್‌ನಲ್ಲಿ ಸಿಗುವುದು ಕಲ್ಲು ಮತ್ತು ಪೈರೈಟ್ ಎಂಬ ಗಟ್ಟಿ ಖನಿಜ ಅಷ್ಟೇ.