ಶಿರಸಿಯಿಂದ ಕಡಲಿಗೆ ಬೈಕ್ ಸವಾರಿ: ಒಂದು ಘಾಟಿ ಇಳಿಯಿರಿ, ಇನ್ನೊಂದು ಹತ್ತಿ

ಉತ್ತರ ಕನ್ನಡದಲ್ಲಿ ಬೈಕ್ ಪ್ರವಾಸಕ್ಕೆ ಹೊರಡುವವರು ಮೊದಲು ತೀರ್ಮಾನಿಸಬೇಕಾದದ್ದು ಎಷ್ಟು ಕಿಲೋಮೀಟರ್ ಎಂದಲ್ಲ, ಯಾವ ಘಾಟಿ ಎಂದು. ಕಾರವಾರದಿಂದ ಜೋಯಿಡಾ ಕಡೆಗೆ ಅಣಶಿ, ಅಂಕೋಲಾ–ಯಲ್ಲಾಪುರದ ನಡುವೆ ಅರಬೈಲ್, ಶಿರಸಿ–ಕುಮಟಾ ನಡುವೆ ದೇವಿಮನೆ, ಹೊನ್ನಾವರದಿಂದ ಜೋಗಕ್ಕೆ ಗೇರುಸೊಪ್ಪ. ಹೋದ ದಾರಿಯಲ್ಲೇ ವಾಪಸು ಬಂದರೆ ಅರ್ಧ ಜಿಲ್ಲೆ ತಪ್ಪಿಹೋಗುತ್ತದೆ. ಮೊದಲ ಸಲಕ್ಕೆ ನಾನು ಹೇಳುವುದು ಇದನ್ನೇ: ದೇವಿಮನೆಯಲ್ಲಿ ಇಳಿದು, ಅರಬೈಲಿನಲ್ಲಿ ಹತ್ತಿ. ಎರಡು ದಿನ ಇಟ್ಟುಕೊಳ್ಳಿ.

ಕಾಲ: ಅಕ್ಟೋಬರ್ ನಡುವಿನಿಂದ ಡಿಸೆಂಬರ್. ಜಲಪಾತಗಳಲ್ಲಿ ನೀರಿರುತ್ತದೆ, ರಸ್ತೆ ಒಣಗಿರುತ್ತದೆ. ಮಳೆಗಾಲದ ಘಟ್ಟ ಎಷ್ಟೇ ಚಂದವಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಯವಿಟ್ಟು ಬೇಡ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದದ್ದು ರಾಷ್ಟ್ರೀಯ ಹೆದ್ದಾರಿಯ ಮೇಲೇ. ಚಹಾ ಕುಡಿಯಲು ನಿಂತವರೂ ಜೀವ ಕಳೆದುಕೊಂಡರು. ಶಿರಸಿ–ಕುಮಟಾ ರಸ್ತೆಯಲ್ಲಿ ಅಗಲೀಕರಣದ ಕಾಮಗಾರಿಗಾಗಿ ಸಂಚಾರ ನಿರ್ಬಂಧಿಸಿದ್ದೂ ಇದೆ. ಹಿಂದಿನ ದಿನವೇ ಜಿಲ್ಲಾಡಳಿತದ ಪ್ರಕಟಣೆ ನೋಡಿಕೊಳ್ಳಿ.

ಬೈಕ್: ಎರಡೂ ಬ್ರೇಕ್, ಚೈನ್, ಟೈರ್ ಸವೆತ ನೋಡಿಸಿ. ಟ್ಯಾಂಕನ್ನು ಶಿರಸಿಯಲ್ಲೇ ತುಂಬಿಸಿ. ಮೊಬೈಲ್ ಸಿಗ್ನಲ್ ಅಲ್ಲಲ್ಲಿ ಹೋಗುವುದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ.

ಮೊದಲ ದಿನ ಬೆಳಿಗ್ಗೆ ಮಂಜು ಕರಗಿದ ಮೇಲೆ ಹೊರಡಿ. ಕುಮಟಾಕ್ಕೆ ಸುಮಾರು 60 ಕಿ.ಮೀ. ಮಾತ್ರ, ಅವಸರವಿಲ್ಲ. ದೇವಿಮನೆಯ ಗುಡಿಯ ಹತ್ತಿರ ಒಮ್ಮೆ ನಿಂತು ಬ್ರೇಕ್ ಹಿಡಿಯುತ್ತಿದೆಯೇ ಎಂದು ಪರೀಕ್ಷಿಸಿ, ಆಮೇಲೆ ಇಳಿಯಿರಿ. ಹತ್ತಲು ಯಾವ ಗಿಯರ್ ಬೇಕೋ ಇಳಿಯಲೂ ಅದೇ ಗಿಯರ್. ಎಂಜಿನ್ ಆರಿಸಿ, ನ್ಯೂಟ್ರಲ್‌ನಲ್ಲಿ ಜಾರಿಬಿಡುವುದು ಪೆಟ್ರೋಲ್ ಉಳಿತಾಯವಲ್ಲ. ಬ್ರೇಕ್ ಬಿಸಿಯಾಗಿ ಬೇಕಾದಾಗ ಕೈಕೊಡುತ್ತದೆ. ತಿರುವಿಗೆ ಮುಂಚೆಯೇ ವೇಗ ಇಳಿಸಿ, ಹಾರ್ನ್ ಮಾಡಿ, ನಿಮ್ಮ ಎಡಬದಿ ಬಿಡಬೇಡಿ. ಹತ್ತಿ ಬರುವ ಬಸ್ಸು ಲಾರಿಗೆ ದಾರಿ ಕೊಡಬೇಕಾದವರು ಇಳಿಯುವವರೇ.

ಕುಮಟಾದಿಂದ ಉತ್ತರಕ್ಕೆ ಹೊರಟು ಮಿರ್ಜಾನ್ ಕೋಟೆಯತ್ತ ಸಾಗಿದರೆ ಸೇತುವೆಯ ಕೆಳಗೆ ಅಘನಾಶಿನಿ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ದಾರಿಯಲ್ಲೆಲ್ಲೂ ದೊಡ್ಡ ಅಣೆಕಟ್ಟಿಗೆ ಸಿಗದೆ ಸಮುದ್ರ ಸೇರುವ ನದಿ ಇದು. ಬೆಳಿಗ್ಗೆ ಹೊಂಡ ನೋಡಿಕೊಂಡೇ ಬಂದಿದ್ದರೆ ಇಲ್ಲಿ ಅದರ ಅಗಲ ಕಂಡು ಮಾತೇ ಹೊರಡುವುದಿಲ್ಲ. ರಾತ್ರಿ ಗೋಕರ್ಣದಲ್ಲಿ ಉಳಿಯಿರಿ. ಊಟಕ್ಕೆ ಮೀನೋ ಸಸ್ಯಾಹಾರವೋ, ಜೊತೆಗೆ ಮುರುಗಲು ಶರಬತ್ತು ಕೇಳಿ.

ಎರಡನೇ ದಿನ ಅಂಕೋಲಾದಿಂದ ಅರಬೈಲ್. ಇಲ್ಲಿ ಇನ್ನೊಂದು ನದಿಯ ಜೊತೆ ಮೇಲೇರುತ್ತೀರಿ. ಕೆಳಗೆ ಗಂಗಾವಳಿ ಎನಿಸಿಕೊಳ್ಳುವುದೇ ಮೇಲೆ ಬೇಡ್ತಿ. ಬೆಳಿಗ್ಗೆ ಪಶ್ಚಿಮಕ್ಕೆ ಇಳಿದು ಮಧ್ಯಾಹ್ನದ ಮೇಲೆ ಪೂರ್ವಕ್ಕೆ ಹತ್ತಿದರೆ ಎರಡೂ ಹೊತ್ತು ಬಿಸಿಲು ಬಹುಪಾಲು ಬೆನ್ನ ಹಿಂದೆ ಇರುತ್ತದೆ, ಕಣ್ಣಿಗೆ ಹೊಡೆಯುವುದಿಲ್ಲ. ಈ ದಿಕ್ಕನ್ನೇ ಆರಿಸಲು ಅದೂ ಒಂದು ಕಾರಣ. ಹುಬ್ಬಳ್ಳಿ ಕಡೆಯ ಲಾರಿಗಳು ಇಲ್ಲಿ ಸಾಲುಗಟ್ಟುತ್ತವೆ. ತಿರುವಿನಲ್ಲಿ ಓವರ್‌ಟೇಕ್ ಮಾಡದೆ ಅಂತರ ಬಿಟ್ಟು ಹಿಂದೆಯೇ ಬನ್ನಿ.

ಘಟ್ಟ ಹತ್ತಿದ ಮೇಲೆ ಮಾಗೋಡಿಗೆ ತಿರುಗಿ. ಬೇಡ್ತಿ ಅಲ್ಲಿ ಎರಡು ಹಂತವಾಗಿ ಸುಮಾರು 200 ಮೀಟರ್ ಧುಮುಕುತ್ತದೆ. ಕಟಕಟೆ ದಾಟಬೇಡಿ. ಹತ್ತಿರದ ಜೇನುಕಲ್ಲು ಗುಡ್ಡದಲ್ಲಿ ಸೂರ್ಯಾಸ್ತ ನೋಡುವ ಆಸೆಯಿದ್ದರೆ ಆ ರಾತ್ರಿ ಯಲ್ಲಾಪುರದಲ್ಲೇ ತಂಗಿ, ಶಿರಸಿಗೆ ಮರುದಿನ ಹೊರಡಿ. ಕತ್ತಲಾದ ಮೇಲೆ ಕಾಡಿನ ರಸ್ತೆಗೆ ಕಾಡುಕೋಣ ಇಳಿಯುತ್ತವೆ. ಕಪ್ಪು ಮೈ ಹೆಡ್‌ಲೈಟಿಗೆ ಕಾಣುವಷ್ಟರಲ್ಲಿ ತಡವಾಗಿರುತ್ತದೆ.