ಉತ್ತರಗಳ ಉದ್ರಿ ವಹಿ

ವಿಜಯಪುರ ಜಿಲ್ಲೆಯ ತಿಕೋಟಾದಲ್ಲಿ ನನ್ನದು ಬೀಜ, ಗೊಬ್ಬರ, ಕೀಟನಾಶಕದ ಅಂಗಡಿ. ಸುತ್ತಲಿನ ಊರುಗಳ ತುಂಬ ದ್ರಾಕ್ಷಿ. ಅಕ್ಟೋಬರಿನಲ್ಲಿ ಬಳ್ಳಿ ಕತ್ತರಿಸುವ ಚಾಟ್ನಿ ಮುಗಿಯಿತೆಂದರೆ ಎರಡು ತಿಂಗಳು ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪಿಯುಸಿ ಮುಗಿಸಿ ಗಲ್ಲೆಯ ಮೇಲೆ ಕುಳಿತವನು ನಾನು. ಮುಂದಿನ ಹದಿನೈದು ವರ್ಷ ಬಿಲ್ಲು, ಬ್ಯಾಚ್ ನಂಬರು, ಅವಧಿ ಮುಗಿಯುವ ತಾರೀಖು ಬಿಟ್ಟರೆ ಬೇರೇನನ್ನೂ ಓದಲಿಲ್ಲ.

ಒಂದು ನವೆಂಬರಿನಲ್ಲಿ, ನಾನು ಕಾಕಾ ಎಂದು ಕರೆಯುವ ಹಿರಿಯ ರೈತರೊಬ್ಬರು ದ್ರಾಕ್ಷಿಗೆ ರೋಗ ತಗಲದಂತೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಒಯ್ದರು. ‘ಎರಡೂ ಒಂದೊಂದು ಕಿಲೋ, ನೂರು ಲೀಟರ್ ನೀರು’ ಎಂದು ಹೇಳಿ ಕಳುಹಿಸಿದೆ. ಎಲ್ಲರಿಗೂ ಹೇಳುತ್ತಿದ್ದುದು ಅದನ್ನೇ. ನಾಲ್ಕನೆಯ ದಿನ ಅವರು ಒಂದು ಚಿಗುರನ್ನು ಮುರಿದು ತಂದು ನನ್ನ ಮುಂದಿಟ್ಟರು. ಎಳೆ ಎಲೆಗಳ ಅಂಚು ಹೊತ್ತಿದ ರೊಟ್ಟಿಯ ಹಾಗೆ ಕಂದಿತ್ತು. ಮಡಿಚಿದರೆ ಬೆರಳಲ್ಲಿ ಪುಡಿಯಾಗುತ್ತಿತ್ತು. ಅವರು ಬೈಯಲಿಲ್ಲ. ‘ತಮ್ಮಾ, ಹೀಗೇಕೆ ಆಯಿತು?’ ಎಂದಷ್ಟೇ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ‘ನಾಳೆ ಹೇಳುತ್ತೇನೆ ಕಾಕಾ’ ಎಂದೆ.

ಅವತ್ತು ರಾತ್ರಿ ಬಾಗಿಲು ಹಾಕಿಕೊಂಡು ಅಂಗಡಿಯಲ್ಲೇ ಹುಡುಕಿದೆ. ಹಿಂದೆ ಕೃಷಿ ಮೇಳವೊಂದರಲ್ಲಿ ಕೊಂಡ ತೋಟಗಾರಿಕೆ ಕೈಪಿಡಿ ತಕ್ಕಡಿಯ ಕೆಳಗಿತ್ತು. ತಕ್ಕಡಿ ಅಲುಗಾಡದಿರಲಿ ಎಂದು ನಾನೇ ಅದನ್ನು ಅಲ್ಲಿಟ್ಟಿದ್ದೆ. ಬೋರ್ಡೋ ದ್ರಾವಣಕ್ಕೆ ಅದರಲ್ಲಿ ಅರ್ಧ ಪುಟ ಮೀಸಲಿತ್ತು. ಸುಣ್ಣ ಹೊಸದಾಗಿರಬೇಕು; ಗಾಳಿಗೆ ಬಿದ್ದು ಹಳೆಯದಾದ ಸುಣ್ಣಕ್ಕೆ ಕಸುವಿರುವುದಿಲ್ಲ. ಆಗ ತೂಕ ಸಮ ಇದ್ದರೂ ತಾಮ್ರದ ಅಂಶ ಹಾಗೇ ಉಳಿದು ಎಲೆಯನ್ನು ಸುಡುತ್ತದೆ. ಮಿಶ್ರಣ ಸರಿಯಾಗಿದೆಯೇ ಎಂದು ತಿಳಿಯಲು ಹೊಳೆಯುವ ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದಿ ನೋಡಬೇಕು; ತಾಮ್ರ ಉಳಿದಿದ್ದರೆ ಅದಕ್ಕೆ ಕೆಂಪು ಹತ್ತುತ್ತದೆ. ಮರುದಿನ ಕಾಕಾ ಅವರ ತೋಟಕ್ಕೆ ಹೋಗಿ, ಉಳಿದಿದ್ದ ಅದೇ ಸುಣ್ಣದಿಂದ ಒಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ದ್ರಾವಣ ಮಾಡಿದೆವು. ಕುಡುಗೋಲಿನ ತುದಿಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ ಅದ್ದಿದೆ. ಹೊರಗೆ ತೆಗೆದಾಗ ತುದಿ ಹೊಸ ತಾಮ್ರದ ಚೆಂಬಿನ ಹಾಗೆ ಕೆಂಪಗಾಗಿತ್ತು. ಸ್ವಲ್ಪ ಸ್ವಲ್ಪವೇ ಸುಣ್ಣದ ನೀರು ಸೇರಿಸುತ್ತ, ಪ್ರತಿ ಸಲ ತುದಿಯನ್ನು ಉಜ್ಜಿ ಅದ್ದುತ್ತ ಹೋದೆವು. ಕೊನೆಗೆ ಕಬ್ಬಿಣ ಕಬ್ಬಿಣವಾಗಿಯೇ ಹೊರಬಂತು. ಕಾಕಾ ಆ ಕುಡುಗೋಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರ ಚಿಗುರು ಸುಡುವುದಕ್ಕೆ ಮೊದಲೇ ನಾನು ಆ ಅರ್ಧ ಪುಟ ಓದಬಹುದಿತ್ತು. ಆ ಸಂಕಟ ಈಗಲೂ ಇದೆ.

ಓದಬೇಕು ಎಂಬ ಹಟ ಹುಟ್ಟಿದ್ದು ಅಂದೇ. ಹಟ ಹುಟ್ಟಿತೆಂದು ರೂಢಿ ಬೆಳೆಯಲಿಲ್ಲ. ವಿಜಯಪುರಕ್ಕೆ ಹೋಗಿ ಒಮ್ಮೆಗೇ ಆರು ಪುಸ್ತಕ ತಂದೆ. ಯಶಸ್ಸು, ವ್ಯಕ್ತಿತ್ವ, ವ್ಯಾಪಾರದ ಗುಟ್ಟು ಎಂದು ಹೇಳುವಂಥವು. ವಾರಕ್ಕೊಂದು ಮುಗಿಸುವುದಾಗಿ ಕ್ಯಾಲೆಂಡರಿನಲ್ಲಿ ಬರೆದುಕೊಂಡೆ. ರಾತ್ರಿ ಹತ್ತಕ್ಕೆ ಹಿಡಿದರೆ ಎರಡನೆಯ ಪುಟಕ್ಕೇ ಕಣ್ಣು ಮುಚ್ಚುತ್ತಿತ್ತು. ಆರರಲ್ಲಿ ಒಂದೂ ಮೂವತ್ತನೆಯ ಪುಟ ದಾಟಲಿಲ್ಲ. ಇಂದು ಯೋಚಿಸಿದರೆ ಕಾರಣ ಸ್ಪಷ್ಟವಿದೆ: ಆ ಪುಸ್ತಕಗಳನ್ನು ನನ್ನಿಂದ ಯಾರೂ ಕೇಳಿರಲಿಲ್ಲ. ಅವನ್ನು ಓದದಿದ್ದರೆ ಯಾರಿಗೂ ಏನೂ ಬಾಕಿ ಉಳಿಯುತ್ತಿರಲಿಲ್ಲ.

ಬಾಕಿ ಎಂದರೆ ಏನೆಂದು ಅಂಗಡಿಯವನಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಉದ್ರಿ ವಹಿ ದಿನವೂ ಕಣ್ಣ ಮುಂದೆ ಇರುತ್ತದೆ. ಅಂಥದೇ ಕೆಂಪು ಬಟ್ಟೆಯ ರಟ್ಟಿನ ಇನ್ನೊಂದು ವಹಿ ತಂದೆ. ‘ನಾಳೆ ಹೇಳುತ್ತೇನೆ’ ಎಂದ ಪ್ರತಿ ಪ್ರಶ್ನೆಯನ್ನೂ ತಾರೀಖು ಹಾಕಿ, ಕೇಳಿದವರ ಹೆಸರಿನ ಮುಂದೆ ಬರೆಯತೊಡಗಿದೆ. ಇದು ನಾನು ಕೊಡಬೇಕಾದ ಬಾಕಿ. ಉತ್ತರ ಸಿಕ್ಕು, ಅವರಿಗೆ ಮುಟ್ಟಿಸಿದ ದಿನ ಎದುರಿಗೆ ‘ಜಮಾ’ ಎಂದು ಬರೆಯುವುದು. ಮೊದಲ ತಿಂಗಳು ಹತ್ತೊಂಬತ್ತು ಪ್ರಶ್ನೆ ಬಂದವು, ಏಳು ಜಮಾ ಆದವು. ಗೊತ್ತಿಲ್ಲ ಎಂದು ಒಪ್ಪಿಕೊಂಡರೆ ಗಿರಾಕಿ ಬೇರೆ ಅಂಗಡಿಗೆ ಹೋದಾರು ಎಂಬ ಅಂಜಿಕೆ ಇತ್ತು. ಹಾಗೇನೂ ಆಗಲಿಲ್ಲ. ವಹಿಯಲ್ಲಿ ತಮ್ಮ ಹೆಸರು ಬರೆಯುವುದನ್ನು ಕಂಡವರು ಉತ್ತರಕ್ಕಾಗಿಯೇ ಮತ್ತೆ ಬಂದರು.

ಹೊತ್ತು ಎಲ್ಲಿಂದ ಬಂತು? ವಿಜಯಪುರದ ಬಿಸಿಲಿನಿಂದ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರು ಇದು. ಮಧ್ಯಾಹ್ನ ಒಂದರಿಂದ ಮೂರೂವರೆಯವರೆಗೆ ರಸ್ತೆಯ ಮೇಲೆ ನಾಯಿಯೂ ಇರುವುದಿಲ್ಲ. ಆ ಹೊತ್ತನ್ನು ನಾನು ಮೊಬೈಲಿಗೆ ಕೊಟ್ಟುಬಿಟ್ಟಿದ್ದೆ. ಊಟವಾದ ಮೇಲೆ ಮೊಬೈಲನ್ನು ಗಲ್ಲೆಯ ಖಾನೆಯಲ್ಲಿಟ್ಟು ಕೀಲಿ ಹಾಕತೊಡಗಿದೆ. ಕರೆ ಬಂದರೆ ಸದ್ದು ಕೇಳುತ್ತದೆ, ಆದರೆ ಕೈ ತಾನಾಗಿ ಅತ್ತ ಹೋಗುವುದಿಲ್ಲ. ತಕ್ಕಡಿಯ ಪಕ್ಕ ಪುಸ್ತಕ, ಪೆನ್ಸಿಲ್, ವಹಿ. ಮೂವತ್ತು ನಿಮಿಷ ಎಂದು ಗೊತ್ತುಮಾಡಿಕೊಂಡೆ. ಅದಕ್ಕಿಂತ ಹೆಚ್ಚು ಓದಿದ್ದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಮೊದಲು ಓದಿ ಮುಗಿಸಿದ್ದು ಪುಸ್ತಕವನ್ನಲ್ಲ, ಔಷಧದ ಡಬ್ಬಿಯ ಜೊತೆ ಬರುವ ಮಡಿಕೆ ಚೀಟಿಗಳನ್ನು. ಯಾವ ಬೆಳೆಗೆ, ಎಷ್ಟು ಪ್ರಮಾಣ, ಕೊಯ್ಲಿಗೆ ಎಷ್ಟು ದಿನ ಮೊದಲು ಸಿಂಪಡಣೆ ನಿಲ್ಲಿಸಬೇಕು, ವಿಷ ಮೈಗೇರಿದರೆ ಏನು ಮಾಡಬೇಕು ಎಲ್ಲವೂ ಅದರಲ್ಲಿರುತ್ತದೆ. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳು ವಿಷದ ತೀವ್ರತೆಯ ಇಳಿಕೆಯ ಕ್ರಮ ಎಂಬುದು ಗೊತ್ತಿತ್ತು. ಚೀಟಿಯನ್ನು ಮಾತ್ರ ಒಮ್ಮೆಯೂ ಬಿಚ್ಚಿರಲಿಲ್ಲ. ಅಕ್ಷರ ಸಾಸಿವೆಯಷ್ಟು ಸಣ್ಣ. ಒಂದು ಭೂತಕನ್ನಡಿ ಕೊಂಡೆ. ದಿನಕ್ಕೊಂದು ಚೀಟಿಯಂತೆ ಕಪಾಟಿನ ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಬಂದೆ. ದೊಡ್ಡ ಪುಸ್ತಕದಿಂದ ಶುರುಮಾಡುವವರಿಗೆ ನಾನು ಹೇಳುವುದು ಇಷ್ಟೇ: ಮೊದಲು ನಿಮ್ಮ ಕೆಲಸದ ಕಾಗದಗಳನ್ನು ಕೊನೆಯ ಸಾಲಿನವರೆಗೆ ಓದಿ ನೋಡಿ.

ಆಮೇಲೆ ಕೈಪಿಡಿಗಳಿಗೆ ಬಂದೆ. ಒಂದು ಪುಟ ಅರ್ಥವಾಗದಿದ್ದರೆ ಮೂರು ದಿನ ಅದನ್ನೇ ಓದುತ್ತಿದ್ದೆ. ಆಗಲೂ ತಿಳಿಯದಿದ್ದರೆ ಹಿಟ್ಟಿನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದಾಗ ಪುಸ್ತಕವನ್ನೇ ಒಯ್ದು, ಗೆರೆ ಎಳೆದ ಸಾಲಿನ ಮೇಲೆ ಬೆರಳಿಟ್ಟು ಕೇಳುತ್ತಿದ್ದೆ. ಬೋರ್ಡೋ ಎಂಬ ಹೆಸರು ಎಲ್ಲಿಂದ ಬಂತು ಎಂಬುದೂ ವಹಿಯಲ್ಲಿದ್ದ ಒಂದು ಪ್ರಶ್ನೆಯೇ. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯಬಾರದೆಂದು ರಸ್ತೆ ಬದಿಯ ಬಳ್ಳಿಗಳಿಗೆ ರೈತರು ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಡೌನಿ ಎಂಬ ಬೂಜು ರೋಗ ತಗಲಿಲ್ಲ ಎಂಬುದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1882ರಲ್ಲಿ ಗಮನಿಸಿದರು. ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಇದನ್ನು ಹೇಳಿದಾಗ ಅಂಗಡಿಯಲ್ಲಿದ್ದ ನಾಲ್ವರು ರೈತರು ಚೀಲ ಎತ್ತುವುದನ್ನು ಬಿಟ್ಟು ನಿಂತು ಕೇಳಿದರು. ಸಿಂಪಡಿಸಿದ ಔಷಧದ ಹಿಂದೆ ತಮ್ಮಂಥವರೇ ಇದ್ದರು ಎಂಬುದು ಅವರ ಮುಖ ಅರಳಿಸಿತ್ತು.

ಕೃಷಿ ಪರಿಕರ ಮಾರುವವರಿಗೆಂದೇ ಹೈದರಾಬಾದಿನ ಮ್ಯಾನೇಜ್ (ರಾಷ್ಟ್ರೀಯ ಕೃಷಿ ವಿಸ್ತರಣಾ ನಿರ್ವಹಣಾ ಸಂಸ್ಥೆ) 2003ರಲ್ಲಿ ಆರಂಭಿಸಿದ ‘ದೇಸಿ’ ಡಿಪ್ಲೊಮಾಕ್ಕೆ ಸೇರಿದ್ದು ಇದೆಲ್ಲದರ ನಂತರ. 48 ವಾರ, ವಾರಕ್ಕೊಂದು ದಿನ. 40 ತರಗತಿ, 8 ಕ್ಷೇತ್ರ ಭೇಟಿ. ಮಧ್ಯಾಹ್ನದ ಆ ಮೂವತ್ತು ನಿಮಿಷ ರೂಢಿಯಾಗಿರದಿದ್ದರೆ ನಲವತ್ತರ ವಯಸ್ಸಿನಲ್ಲಿ ಪರೀಕ್ಷೆಗೆ ಕೂರುವ ಧೈರ್ಯ ನನಗೆ ಬರುತ್ತಿರಲಿಲ್ಲ. ಗೊಬ್ಬರದ ಮಾರಾಟ ಮೊದಲಿನಷ್ಟೇ ಇದೆ. ಬೇಡದ ಔಷಧವನ್ನು ‘ಇದು ಬೇಡ ಕಾಕಾ’ ಎಂದು ಕಪಾಟಿಗೆ ಹಿಂತಿರುಗಿಸುವುದು ಮಾತ್ರ ಹೆಚ್ಚಾಗಿದೆ. ಅದರಿಂದ ಕೈಬಿಡುವ ಹಣ ನನಗೆ ನಷ್ಟ ಎನಿಸುವುದಿಲ್ಲ.

ಅಕ್ಟೋಬರ್, ನವೆಂಬರ್ ಬಂದರೆ ಈ ರೂಢಿ ಮುರಿಯುತ್ತಿತ್ತು. ಮೊದಲ ಎರಡು ವರ್ಷ ಮುರಿದದ್ದು ಮತ್ತೆ ಕೂಡಲು ಸಂಕ್ರಾಂತಿ ದಾಟಿತು. ಮೂರನೆಯ ವರ್ಷ ಆ ಎರಡು ತಿಂಗಳಿಗೆ ಬೇರೆ ಅಳತೆ ಇಟ್ಟೆ: ದಿನಕ್ಕೆ ಒಂದು ವಚನ, ಬಾಗಿಲು ತೆರೆದು ದೀಪ ಹಚ್ಚಿದ ಮೇಲೆ, ನಿಂತುಕೊಂಡೇ. ಎಷ್ಟೇ ಗಡಿಬಿಡಿ ಇದ್ದರೂ ಅಷ್ಟು ಆಗುತ್ತದೆ.

ವಚನದಿಂದ ಇನ್ನೊಂದು ಓದು ಹುಟ್ಟಿಕೊಂಡಿತು. ಒಂದು ದಿನ ರಾತ್ರಿ ಊಟದ ನಂತರ ಅವ್ವನಿಗೆ ಒಂದನ್ನು ಓದಿ ಹೇಳಿದೆ. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಆದರೆ ವಚನ ಅರ್ಧಕ್ಕೆ ಬಂದಾಗ ಉಳಿದರ್ಧವನ್ನು ತಾನೇ ಹೇಳಿದಳು. ಭಜನೆಯಲ್ಲಿ ಕೇಳಿ ಕಲಿತದ್ದಂತೆ. ಅಂದಿನಿಂದ ಅವಳಿಗೆ ದಿನವೂ ಹದಿನೈದು ನಿಮಿಷ ಗಟ್ಟಿಯಾಗಿ ಓದುತ್ತೇನೆ. ಫ.ಗು. ಹಳಕಟ್ಟಿಯವರ ಬದುಕಿನ ಪುಸ್ತಕ ಮುಗಿಸಲು ಒಂದು ತಿಂಗಳು ಹಿಡಿಯಿತು. ನಮ್ಮ ವಿಜಯಪುರದಲ್ಲಿ ವಕೀಲರಾಗಿದ್ದವರು; ಊರೂರು ತಿರುಗಿ ತಾಳೆಗರಿಯ ಕಟ್ಟುಗಳನ್ನು ಕೂಡಿಸಿ, 1923ರಲ್ಲಿ ವಚನಗಳ ಸಂಗ್ರಹ ಹೊರತಂದವರು; 1925ರಲ್ಲಿ ಸ್ವಂತ ಮುದ್ರಣಾಲಯ ಹಾಕಲು ಮನೆಯನ್ನೇ ಮಾರಿದವರು. ಅಲ್ಲಿಗೆ ಬಂದಾಗ ಅವ್ವ ‘ಇರು, ಅದನ್ನು ಇನ್ನೊಮ್ಮೆ ಓದು’ ಎಂದಳು. ಓದಿದೆ. ಬಹಳ ಹೊತ್ತು ಅವಳು ಮಾತಾಡಲಿಲ್ಲ.

ಮರುದಿನ ಅವ್ವ ಕೇಳಿದಳು: ‘ಗರಿಯ ಮೇಲೆ ಬರೆದ ಮಸಿ ಅಷ್ಟು ವರ್ಷ ಅಳಿಸದೆ ಹೇಗೆ ಉಳಿಯಿತು?’ ನಾಳೆ ಹೇಳುತ್ತೇನೆ ಎಂದೆ. ವಹಿಯಲ್ಲಿ ಅವಳ ಹೆಸರು ಹತ್ತಿತು. ಆ ನಾಳೆ ಬರಲು ಹನ್ನೊಂದು ದಿನ ಬೇಕಾಯಿತು; ಎರಡು ಸಲ ವಿಜಯಪುರದ ಗ್ರಂಥಾಲಯಕ್ಕೆ ಹೋದೆ. ಪ್ರತಿ ರಾತ್ರಿ ಅವ್ವ ಸಾಲ ಕೊಟ್ಟವರ ಹಾಗೆ ನೆನಪಿಸುತ್ತಿದ್ದಳು. ಕೊನೆಗೆ ಹೇಳಿದೆ: ‘ಮೊದಲು ಮಸಿಯಲ್ಲಿ ಬರೆಯುತ್ತಿರಲಿಲ್ಲ ಅವ್ವಾ. ಕಂಠ ಎಂಬ ಕಬ್ಬಿಣದ ಚೂಪು ಕಡ್ಡಿಯಿಂದ ಗರಿಯಲ್ಲಿ ಅಕ್ಷರ ಕೊರೆಯುತ್ತಿದ್ದರು. ಆಮೇಲೆ ಕಾಡಿಗೆಯಂಥ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಸವರಿ ಒರೆಸಿದರೆ, ಕೊರೆದ ಗೆರೆಯಲ್ಲಿ ಮಾತ್ರ ಕಪ್ಪು ನಿಲ್ಲುತ್ತಿತ್ತು.’

ಅವ್ವ ತನ್ನ ಮುಂಗೈಯ ಹಚ್ಚೆಯನ್ನು ಸವರಿಕೊಂಡಳು. ‘ಹಾಗಾದರೆ ಇದೂ ಅದೇ ಆಯಿತಲ್ಲ’ ಎಂದಳು. ವಹಿ ತೆಗೆದು ಅವಳ ಎದುರಿಗೇ ಜಮಾ ಬರೆದೆ. ಪುಟ ಮುಚ್ಚುವ ಮೊದಲೇ ಮುಂದಿನದು ಬಂತು: ‘ಕೊರೆದವರು ಯಾರು? ಅವರ ಹೆಸರು ಎಲ್ಲಾದರೂ ಇದೆಯೇ?’